ಕೊನೆಗೆ ಉಣ್ಣುವವಳ ತಟ್ಟೆ

(ಸಿಂಧನೂರು ತಾಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸಂಘಗಳ ಸಭೆಯಲ್ಲಿ ಆಡಿದ ಮಾತು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಮಾತು ಶುರು ಮಾಡುವ ಮೊದಲು ಅಲ್ಲಿ ಕೂತವರಿಗೆ ಒಂದು ಪ್ರಶ್ನೆ ಕೇಳಿದೆ. ನಿನ್ನೆ ಬೆಳಿಗ್ಗೆಯಿಂದ ಇಲ್ಲಿವರೆಗೆ ಏನೇನು ತಿಂದಿರಿ? ಸಂಕೋಚ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ ಅಂದೆ.

ಮುಂದಿನ ಸಾಲಿನ ಅಕ್ಕ ಒಬ್ಬರು ಹೇಳಿದರು: ಬೆಳಿಗ್ಗೆ ಮಂಡಾಳು ಒಗ್ಗರಣೆ, ಮಧ್ಯಾಹ್ನ ಅನ್ನ ಸಾರು, ರಾತ್ರಿ ಅನ್ನ ಮಜ್ಜಿಗೆ. ಪಕ್ಕದವರದು ಇಡ್ಲಿ, ಅನ್ನ, ಮತ್ತೆ ಅನ್ನ. ಇನ್ನೊಬ್ಬರದು ಚಿತ್ರಾನ್ನ. ಹಿಂದೆ ಗೋಡೆಗೆ ಒರಗಿ ಕೂತಿದ್ದ ವಯಸ್ಸಾದ ಅವ್ವ ಒಬ್ಬರು ಮಾತ್ರ "ಎರಡು ರೊಟ್ಟಿ, ಪುಂಡಿಪಲ್ಯ" ಅಂದರು.

ಮಂಡಾಳು ಅಂದರೆ ಅಕ್ಕಿ. ಇಡ್ಲಿಯಲ್ಲೂ ಅಕ್ಕಿ. ಚಿತ್ರಾನ್ನವೂ ಅಕ್ಕಿ. ಹೆಸರು ಬೇರೆ, ರುಚಿ ಬೇರೆ, ಆದರೆ ಮೂರು ಹೊತ್ತೂ ಒಂದೇ ಧಾನ್ಯ. ನಾನು ಇವತ್ತು ಮಾತಾಡಲು ಬಂದಿರುವುದು ಊಟದ ಜೊತೆ ನಮ್ಮ ಮೈಗೆ ಸೇರುವ ವಿಷದ ಲೋಹಗಳ ಬಗ್ಗೆ. ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ. ಇವು ಎಷ್ಟು ಸೇರುತ್ತವೆ ಅನ್ನುವುದು ನಾವು ಏನು ಉಣ್ಣುತ್ತೇವೆ ಅನ್ನುವುದರ ಮೇಲೆ ನಿಂತಿದೆ. ಅಷ್ಟೇ ಅಲ್ಲ, ಯಾವಾಗ ಉಣ್ಣುತ್ತೇವೆ, ತಟ್ಟೆಯಲ್ಲಿ ಜೊತೆಗೆ ಇನ್ನೇನಿದೆ ಅನ್ನುವುದರ ಮೇಲೆ ನಿಂತಿದೆ.

ಅಕ್ಕಿಯ ಮೇಲೆ ನನಗೆ ದ್ವೇಷ ಇಲ್ಲ. ನನ್ನ ಅಜ್ಜಿಯ ಕಾಲಕ್ಕೆ ಈ ಸೀಮೆಯಲ್ಲಿ ಜೋಳ, ಸಜ್ಜೆ, ನವಣೆ. ಅನ್ನ ಅಂದರೆ ಹಬ್ಬಕ್ಕೆ, ಬೀಗರಿಗೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯಿತು. ಎಡದಂಡೆ ಕಾಲುವೆಗೆ ನೀರು ಬಂತು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಎಲ್ಲ ಭತ್ತದ ಕಣಜ ಆದವು. ಎಷ್ಟೋ ಮನೆಗಳ ಹಸಿವು ನೀಗಿತು. ಇದು ಸಣ್ಣ ಮಾತಲ್ಲ. ಆದರೆ ಒಂದು ಧಾನ್ಯ ಬಂದಾಗ ನಾವು ಉಳಿದವನ್ನೆಲ್ಲ ಬಿಟ್ಟುಬಿಟ್ಟೆವು. ಅದು ನನ್ನ ಚಿಂತೆ.

ಆರ್ಸೆನಿಕ್ ಎಲ್ಲ ಮಣ್ಣಿನಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ. ಒಣ ಹೊಲದಲ್ಲಿ ಅದು ಮಣ್ಣಿನಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ಸುಮ್ನೆ ಕೂತಿರುತ್ತದೆ. ಗದ್ದೆಯಲ್ಲಿ ನೀರು ನಿಲ್ಲಿಸಿದಾಗ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಕಬ್ಬಿಣದ ಹಿಡಿತ ಸಡಿಲಾಗಿ ಆರ್ಸೆನಿಕ್ ನೀರಿಗೆ ಇಳಿಯುತ್ತದೆ. ಭತ್ತಕ್ಕೆ ಸಿಲಿಕಾನ್ ಬೇಕು. ಪೈರು ನೆಟ್ಟಗೆ ನಿಲ್ಲಲು, ಹೊಟ್ಟು ಗಟ್ಟಿಯಾಗಲು ಅದು ಬೇಕೇಬೇಕು. ನೀರು ನಿಂತ ಗದ್ದೆಯ ಆರ್ಸೆನಿಕ್ ಆ ಸಿಲಿಕಾನಿನ ದಾರಿಯಲ್ಲೇ ಬೇರಿನ ಒಳಗೆ ನುಗ್ಗುತ್ತದೆ. ಬೇರಿಗೆ ಎರಡರ ವ್ಯತ್ಯಾಸ ಗೊತ್ತಾಗುವುದಿಲ್ಲ. ಹೀಗಾಗಿ ಬೇರೆ ಧಾನ್ಯಗಳಿಗಿಂತ ಅಕ್ಕಿಯಲ್ಲಿ ಆರ್ಸೆನಿಕ್ ಹತ್ತು ಪಟ್ಟಿನವರೆಗೂ ಜಾಸ್ತಿ ಇರಬಹುದು. ಅದರಲ್ಲೂ ಹೆಚ್ಚು ಕೂರುವುದು ತೌಡಿನಲ್ಲಿ. ಪಾಲಿಶ್ ಮಾಡದ ಅಕ್ಕಿ ಆರೋಗ್ಯಕ್ಕೆ ಒಳ್ಳೆಯದು ಅಂತ ಈಗ ಪೇಟೆಯಲ್ಲಿ ಜಾಸ್ತಿ ಬೆಲೆಗೆ ಮಾರುತ್ತಾರೆ ಅಲ್ವಾ, ನಾರಿನ ಅಂಶಕ್ಕೆ ಅದು ನಿಜ. ಆದರೆ ಆರ್ಸೆನಿಕ್ ಲೆಕ್ಕದಲ್ಲಿ ಅದೇ ಹೆಚ್ಚಿನದು. ಆಹಾರದ ಮಿತಿಗಳನ್ನು ನಿಗದಿ ಮಾಡುವ ಅಂತರರಾಷ್ಟ್ರೀಯ ಕೋಡೆಕ್ಸ್ ಸಮಿತಿ ಪಾಲಿಶ್ ಅಕ್ಕಿಗೆ ಕೆಜಿಗೆ 0.2 ಮಿಲಿಗ್ರಾಂ ಅಂತ ಮಿತಿ ಇಟ್ಟಿದೆ, ತೌಡು ತೆಗೆಯದ ಅಕ್ಕಿಗೆ 0.35.

ಈಗ ಒಂದು ಲೆಕ್ಕ ಮಾಡೋಣ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕವೇ ಇದು. ಕೆಜಿಗೆ 0.1 ಮಿಲಿಗ್ರಾಂ, ಅಂದರೆ 100 ಮೈಕ್ರೊಗ್ರಾಂ ಆರ್ಸೆನಿಕ್ ಇರುವ ಅಕ್ಕಿ ಅಂತ ಇಟ್ಟುಕೊಳ್ಳಿ. ಮಿತಿಯ ಅರ್ಧ ಅಷ್ಟೆ. ಹೊಲದಲ್ಲಿ ದುಡಿಯುವವರು ದಿನಕ್ಕೆ 400 ಗ್ರಾಂ ಅಕ್ಕಿ ಉಂಡರೆ 40 ಮೈಕ್ರೊಗ್ರಾಂ ಆಯಿತು. ಕುಡಿಯುವ ನೀರಿಗೆ ಲೀಟರಿಗೆ 10 ಮೈಕ್ರೊಗ್ರಾಂ ಮಿತಿ. ಮಿತಿಯ ಅಂಚಿನಲ್ಲಿರುವ ನೀರನ್ನು 2 ಲೀಟರ್ ಕುಡಿದರೂ 20 ಆಯಿತು. ಅಂದರೆ ಮಿತಿಯೊಳಗಿನ ಅಕ್ಕಿಯಿಂದ, ಮಿತಿಯೊಳಗಿನ ನೀರಿಗಿಂತ ಎರಡು ಪಟ್ಟು ಬಂತು. ಯಾರೂ ತಪ್ಪು ಮಾಡಿಲ್ಲ. ಅಕ್ಕಿಯೂ ಪಾಸು, ನೀರೂ ಪಾಸು. ಒಂದೇ ಧಾನ್ಯವನ್ನು ಮೂರು ಹೊತ್ತು ಉಂಡಿದ್ದಕ್ಕೆ ಹೀಗಾಯಿತು.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ನೀರಿನ ಮಿತಿ ಹಾಕುವಾಗ ದೊಡ್ಡವರು ದಿನಕ್ಕೆ 2 ಲೀಟರ್ ಕುಡಿಯುತ್ತಾರೆ ಅಂತ ಲೆಕ್ಕ ಇಟ್ಟುಕೊಳ್ಳುತ್ತದೆ. ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಕೂಲಿಗೆ ಹೋದವರು 2 ಲೀಟರಿಗೆ ಬದುಕುತ್ತಾರಾ? 5 ಲೀಟರ್ ಆದರೂ ಬೇಕು. ಹಾಗಾಗಿ ನಮಗೆ ನೀರಿನ ಮಾತು ಬೇರೆಯವರಿಗಿಂತ ದೊಡ್ಡದು.

ಈ ಜಿಲ್ಲೆಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇದೆ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನ ಇದೆ, ಎಲ್ಲರಿಗೂ ಗೊತ್ತು. ಚಿನ್ನ ಇರುವ ಕಲ್ಲಿನಲ್ಲಿ ಎಷ್ಟೋ ಸಲ ಆರ್ಸೆನೋಪೈರೈಟ್ ಅನ್ನುವ ಖನಿಜವೂ ಇರುತ್ತದೆ. ಅದರ ಒಳಗೇ ಆರ್ಸೆನಿಕ್. ಅಂಥ ಕಲ್ಲಿನ ನಡುವೆ ಬಾವಿ, ಬೋರ್‌ವೆಲ್ ತೋಡಿದರೆ ಅದು ನೀರಿಗೆ ಬರಬಹುದು. ನಮ್ಮ ನೆರೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದಲ್ಲಿ ಹಾಗೇ ಆಯಿತು. ಮಂಗಳೂರು ಅನ್ನುವ ಊರಿನ ಹಳೆಯ ಚಿನ್ನದ ಗಣಿ ಅಲ್ಲಿಗೆ ಹತ್ತಿರ. ಕರಾವಳಿಯ ಮಂಗಳೂರಲ್ಲ, ಸುರಪುರ ತಾಲೂಕಿನದು. ತಾಂಡಾದ ಜನರ ಮೈಮೇಲೆ ಕಪ್ಪು ಚುಕ್ಕೆಗಳು ಬಂದವು, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾದವು, ಕೆಲವರಿಗೆ ಕ್ಯಾನ್ಸರ್ ಆಯಿತು. ನೋಡಲು ಆ ನೀರು ತಿಳಿಯಾಗೇ ಇತ್ತು. ವಾಸನೆ ಇಲ್ಲ, ರುಚಿಯಲ್ಲಿ ವ್ಯತ್ಯಾಸ ಇಲ್ಲ.

"ನಾವು ಫಿಲ್ಟರ್ ನೀರೇ ಕುಡೀತೀವಿ ಮೇಡಂ" ಅಂತ ಒಬ್ಬರು ಎದ್ದು ಹೇಳಿದರು. ಒಳ್ಳೆಯದು. ಅಡುಗೆಗೆ ಯಾವ ನೀರು ಅಂತ ಕೇಳಿದೆ. ಬೋರಿನ ನೀರು ಅಂದರು. ಕ್ಯಾನಿನ ನೀರು ಕುಡಿಯಲು, ನಲ್ಲಿಯ ನೀರು ಅನ್ನಕ್ಕೆ. ಬಹಳ ಮನೆಗಳಲ್ಲಿ ಹೀಗೇ, ದುಡ್ಡಿನ ಪ್ರಶ್ನೆ, ನಾನು ಬೈಯುವುದಿಲ್ಲ. ಆದರೆ ಅಕ್ಕಿ ನೀರನ್ನು ಕುಡಿದೇ ಅನ್ನ ಆಗುವುದು. ಕುಕ್ಕರಿನಲ್ಲಿ ಇಟ್ಟ ನೀರೆಲ್ಲ ಅಗುಳಿನ ಒಳಗೇ ಹೋಗುತ್ತದೆ, ಅದರಲ್ಲಿ ಇದ್ದದ್ದೂ ಹೋಗುತ್ತದೆ. ಕುದಿಸಿದರೆ ಲೋಹ ಸಾಯುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಲೋಹ ಅಲ್ಲೇ ಉಳಿಯುತ್ತದೆ. ನೀರಿನ ಮೇಲೆ ಅನುಮಾನ ಇದ್ದರೆ ಅನ್ನಕ್ಕೂ ಬೇಳೆಗೂ ಒಳ್ಳೆಯ ನೀರನ್ನೇ ಹಾಕಿ. ಪಾತ್ರೆ ತೊಳೆಯಲು ಬೇಕಾದರೆ ಬೋರಿನ ನೀರು ಇರಲಿ.

ನೀರು ಚೆನ್ನಾಗಿದ್ದರೆ ನಮ್ಮ ಅವ್ವಂದಿರ ಹಳೆಯ ದಾರಿಯೇ ಬಹಳ ಒಳ್ಳೆಯದು. ಅನ್ನ ಬಸಿಯುವುದು. ನಮ್ಮವ್ವ ಅಕ್ಕಿ ಮುಳುಗಿ ಮೇಲೆ ಒಂದು ಗೇಣು ನೀರು ನಿಲ್ಲುವ ಹಾಗೆ ಎಸರು ಇಡುತ್ತಿದ್ದಳು. ಅಗುಳು ಬೆಂದಿದೆಯಾ ಅಂತ ಎರಡು ಬೆರಳಲ್ಲಿ ಹಿಚುಕಿ ನೋಡುವುದು, ಆಮೇಲೆ ಬೋಗುಣಿಯ ಬಾಯಿಗೆ ತಟ್ಟೆ ಮುಚ್ಚಿ, ಸೆರಗಿನಿಂದ ಹಿಡಿದು, ಗಂಜಿ ಪೂರ್ತಿ ಇಳಿಯುವವರೆಗೆ ಬಗ್ಗಿಸಿ ಇಡುವುದು. ಒಂದಕ್ಕೆ ಆರು ಪಾಲು ಅಥವಾ ಅದಕ್ಕಿಂತ ಜಾಸ್ತಿ ನೀರಿಟ್ಟು ಬಸಿದರೆ ಅಕ್ಕಿಯ ಆರ್ಸೆನಿಕ್ ಸುಮಾರು ಅರ್ಧ ಇಳಿಯುತ್ತದೆ. ಜೊತೆಗೆ ಬಿ ಗುಂಪಿನ ವಿಟಮಿನ್ನುಗಳೂ ಹೋಗುತ್ತವೆ, ಅದನ್ನು ಮುಚ್ಚಿಡಬಾರದು. 2020ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ಒಂದು ನಡುದಾರಿ ತೋರಿಸಿದರು. ಒಂದು ಲೋಟ ಅಕ್ಕಿಗೆ ನಾಲ್ಕು ಲೋಟ ನೀರು ಕುದಿಸಿ, ಅಕ್ಕಿ ಹಾಕಿ ಐದು ನಿಮಿಷ ಬೇಯಿಸಿ, ಆ ನೀರು ಚೆಲ್ಲಿ. ಮತ್ತೆ ಎರಡು ಲೋಟ ಹೊಸ ನೀರು ಹಾಕಿ ಸಣ್ಣ ಉರಿಯಲ್ಲಿ ಇಂಗಿಸಿ. ಬಿಳಿ ಅಕ್ಕಿಯಲ್ಲಿ ಮುಕ್ಕಾಲು ಭಾಗದ ಹತ್ತಿರ ಆರ್ಸೆನಿಕ್ ಹೋಗುತ್ತದೆ, ಸತ್ವವೂ ಹೆಚ್ಚು ಉಳಿಯುತ್ತದೆ. ನಾನು ಮನೆಯಲ್ಲಿ ಹೀಗೇ ಮಾಡುತ್ತೇನೆ. ಸೋನಾ ಮಸೂರಿ ಸ್ವಲ್ಪ ಮೆತ್ತಗಾಗುತ್ತದೆ, ಎರಡನೇ ಸಲ ನೀರು ಒಂದು ಹಿಡಿ ಕಡಿಮೆ ಇಟ್ಟರೆ ಸರಿ ಹೋಗುತ್ತದೆ.

ಊಟದ ರೀತಿ ಬದಲಾದರೆ ಲೋಹದ ಲೆಕ್ಕ ಎಷ್ಟು ಬದಲಾಗುತ್ತದೆ ಅನ್ನುವುದಕ್ಕೆ ದೂರದ ಒಂದು ಉದಾಹರಣೆ. ಅಮೆರಿಕದಲ್ಲಿ ಕೆಲವರು ಗೋಧಿಯಲ್ಲಿರುವ ಗ್ಲುಟೆನ್ ಅನ್ನುವ ಅಂಶ ಬೇಡ ಅಂತ ಗೋಧಿ ಪೂರ್ತಿ ಬಿಡುತ್ತಾರೆ. ಬ್ರೆಡ್ಡು, ಬಿಸ್ಕತ್ತು ಎಲ್ಲ ಅಕ್ಕಿಹಿಟ್ಟಿನದು ತಿನ್ನುತ್ತಾರೆ. 2017ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಂಥವರ ಮೂತ್ರದಲ್ಲಿ ಆರ್ಸೆನಿಕ್ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು ಇತ್ತು. ರಕ್ತದಲ್ಲಿ ಪಾದರಸವೂ ಹೆಚ್ಚಿತ್ತು. ಅವರು ಆರೋಗ್ಯಕ್ಕೆ ಅಂತಲೇ ಊಟ ಬದಲಿಸಿದವರು.

ಎಳೆಮಕ್ಕಳ ವಿಷಯದಲ್ಲಿ ನನಗೆ ಇನ್ನೂ ಜಾಸ್ತಿ ಕಾಳಜಿ. ಮಗುವಿನ ಮೈ ಸಣ್ಣದು, ತೂಕಕ್ಕೆ ಹೋಲಿಸಿದರೆ ತಿನ್ನುವುದು ಜಾಸ್ತಿ. ಅದಕ್ಕೇ ಯುರೋಪಿನಲ್ಲೂ ಅಮೆರಿಕದಲ್ಲೂ ಮಕ್ಕಳ ಅಕ್ಕಿ ಆಹಾರಕ್ಕೆ ಕೆಜಿಗೆ 0.1 ಮಿಲಿಗ್ರಾಂ, ಅಂದರೆ ಪಾಲಿಶ್ ಅಕ್ಕಿಗೆ ಕೋಡೆಕ್ಸ್ ಇಟ್ಟ ಮಿತಿಯ ಅರ್ಧ ಹಾಕಿದ್ದಾರೆ. ಆರು ತಿಂಗಳು ತುಂಬಿದ ಕೂಸಿಗೆ ದಿನಾ ಬರೀ ಅಕ್ಕಿ ಗಂಜಿ ಬೇಡ. ಒಂದು ದಿನ ರಾಗಿ ಸರಿ, ಒಂದು ದಿನ ಹೆಸರುಬೇಳೆ ಹಾಕಿದ ಗಂಜಿ, ಒಂದು ದಿನ ಮೆತ್ತಗೆ ಮಾಡಿದ ಜೋಳದ ಅಂಬಲಿ.

ಇನ್ನು ಇವತ್ತು ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ.

ಒಂದೇ ಮನೆ, ಒಂದೇ ಅಡುಗೆ. ಅದರಲ್ಲಿ ಸೀಸ ಸ್ವಲ್ಪ ಇದೆ ಅಂತ ಇಟ್ಟುಕೊಳ್ಳಿ. ಗಂಡನಿಗೂ ಹೆಂಡತಿಗೂ ಮಗುವಿಗೂ ಅದು ಒಂದೇ ಸಮ ಸೇರುವುದಿಲ್ಲ. ದೊಡ್ಡವರ ಮೇಲೆ ಮಾಡಿದ ಪರೀಕ್ಷೆಗಳಲ್ಲಿ, ಊಟದ ಜೊತೆ ಹೋದ ಸೀಸ ಹತ್ತರಲ್ಲಿ ಒಂದು ಪಾಲಿನ ಆಸುಪಾಸು ಮೈಗೆ ಸೇರಿತು. ಹಸಿದ ಹೊಟ್ಟೆಗೆ ಹೋದ ಸೀಸ ಮೂರರಲ್ಲಿ ಒಂದು ಪಾಲಿನಿಂದ ಅರ್ಧಕ್ಕೂ ಜಾಸ್ತಿ ಸೇರಿತು. ಮಕ್ಕಳಿಗಂತೂ ಉಂಡಿದ್ದರೂ ಅರ್ಧದ ಹತ್ತಿರ ಸೇರುತ್ತದೆ.

ಇದಲ್ಲದೆ ನಮ್ಮ ಕರುಳಿನಲ್ಲಿ ಕಬ್ಬಿಣ ಒಳಗೆ ಬರಲು ಒಂದು ಬಾಗಿಲು ಇದೆ. ರಕ್ತ ಕಡಿಮೆ ಇದ್ದರೆ, ಕಬ್ಬಿಣ ಸಾಲದೆ ಇದ್ದರೆ, ಮೈ ಆ ಬಾಗಿಲನ್ನು ಇನ್ನೂ ಅಗಲ ತೆರೆಯುತ್ತದೆ. ಬೇಕಾದ ಕಬ್ಬಿಣ ಹೇಗಾದರೂ ಸಿಗಲಿ ಅಂತ. ಊಟದಲ್ಲಿ ಕಬ್ಬಿಣ ಇಲ್ಲ. ತೆರೆದ ಬಾಗಿಲಲ್ಲಿ ಕ್ಯಾಡ್ಮಿಯಂ ಬರುತ್ತದೆ, ಸೀಸ ಬರುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ. 57 ಜನರಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67. ಈ ಬಾಗಿಲು ಎಷ್ಟು ಮನೆಗಳಲ್ಲಿ ತೆರೆದಿದೆ ಅಂತ ಯೋಚನೆ ಮಾಡಿ.

ನಮ್ಮವ್ವನ ಬಗ್ಗೆ ಹೇಳುತ್ತೇನೆ. ಬೆಳಗಿನ ಜಾವ ಎದ್ದು ಒಂದು ಚಹಾ. ಅಷ್ಟೇ ಅವಳ ನಾಷ್ಟಾ. ಹೊಲಕ್ಕೆ ಹೋಗಿ ಹನ್ನೊಂದಕ್ಕೆ ಬುತ್ತಿ ಬಿಚ್ಚಬೇಕು. ಅದೂ ಅಪ್ಪನದು, ಆಳುಗಳದು ಆದ ಮೇಲೆ. ರಾತ್ರಿ ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದ ಅನ್ನ, ತಿಳಿಸಾರು. ಪಲ್ಯ ಮುಗಿದಿರುತ್ತಿತ್ತು. ಐದು ಹೆರಿಗೆ. ಬಸುರಿ ಇದ್ದಾಗ ಬಳಪ ತಿನ್ನುತ್ತಿದ್ದಳು, ಒಲೆಯ ಮಣ್ಣು ಕೆರೆದು ತಿನ್ನುತ್ತಿದ್ದಳು. ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ಒಂದು ಆಸ್ಪತ್ರೆಗೆ ತೋರಿಸಲು ಹೋದಾಗ ಅಲ್ಲಿದ್ದವರು "ಕೆಟ್ಟ ಚಟ" ಅಂತ ಗದರಿ ಕಳಿಸಿದರು. ರಕ್ತ ಪರೀಕ್ಷೆ ಮಾಡಲಿಲ್ಲ. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಮಣ್ಣು, ಬಳಪ ತಿನ್ನಬೇಕು ಅನ್ನಿಸುವುದು ಚಟ ಅಲ್ಲ. ಬಹಳ ಸಲ ಅದು ಕಬ್ಬಿಣ ಕಡಿಮೆಯಾದ ಗುರುತು. ಆ ಮಣ್ಣಿನಲ್ಲಿ ಸೀಸ, ಆರ್ಸೆನಿಕ್ ಇದ್ದರೆ ಅದೂ ಒಳಗೆ ಹೋಗುತ್ತದೆ, ಅದೂ ಬಾಗಿಲು ಅಗಲ ತೆರೆದಿರುವ ಮೈಗೆ. ನಿಮ್ಮ ಮನೆಯಲ್ಲಿ ಸೊಸೆಯೋ ಮಗಳೋ ಬಳಪ ತಿನ್ನುತ್ತಿದ್ದರೆ ಬೈಯಬೇಡಿ. ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಸೀಸ ಮೈಗೆ ಸೇರಿದರೆ ಎಲುಬಿನಲ್ಲಿ ಹೋಗಿ ಕೂರುತ್ತದೆ, ವರ್ಷಗಟ್ಟಲೆ. ಬಸಿರಿನಲ್ಲಿ, ಬಾಣಂತಿತನದಲ್ಲಿ ಕೂಸಿಗೆ ಕ್ಯಾಲ್ಸಿಯಂ ಬೇಕಾದಾಗ ಮೈ ಎಲುಬನ್ನು ಕರಗಿಸುತ್ತದೆ. ಆಗ ಹಳೆಯ ಸೀಸವೂ ಹೊರಗೆ ಬಂದು ಕೂಸಿಗೆ ಹೋಗುತ್ತದೆ. ಮೆಕ್ಸಿಕೋದಲ್ಲಿ ಬಸುರಿಯರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟು ನೋಡಿದಾಗ ರಕ್ತದ ಸೀಸ ಸರಾಸರಿ ಶೇ. 11 ಇಳಿಯಿತು. ಆರ್ಸೆನಿಕ್ ಕಥೆಯೂ ಹೀಗೇ. ಅದನ್ನು ಮೈಯಿಂದ ಹೊರಗೆ ಹಾಕಲು ಫೋಲಿಕ್ ಆಮ್ಲ ಬೇಕು. ಬಾಂಗ್ಲಾದೇಶದಲ್ಲಿ ಫೋಲಿಕ್ ಆಮ್ಲ ಕಡಿಮೆ ಇದ್ದವರಿಗೆ ಹನ್ನೆರಡು ವಾರ ಮಾತ್ರೆ ಕೊಟ್ಟಾಗ ರಕ್ತದ ಆರ್ಸೆನಿಕ್ ಸುಮಾರು ಶೇ. 14 ಕಡಿಮೆಯಾಯಿತು. ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ ಕಬ್ಬಿಣವೂ ಇದೆ, ಫೋಲಿಕ್ ಆಮ್ಲವೂ ಇದೆ. ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ ಅಂತ ಕಿಟಕಿಯಿಂದ ಆಚೆ ಎಸೆದವರನ್ನು ನಾನು ನೋಡಿದ್ದೇನೆ. ರಾತ್ರಿ ಊಟ ಆದ ಮೇಲೆ ನುಂಗಿದರೆ ತೊಂದರೆ ಕಡಿಮೆ. ಚಹಾದ ಜೊತೆ ಮಾತ್ರ ಬೇಡ, ಚಹಾ ಕಬ್ಬಿಣವನ್ನು ತಡೆಯುತ್ತದೆ.

ಜಪಾನಿನ ಒಂದು ಹೊಳೆಯ ಕಥೆ ಹೇಳದೆ ಇದು ಪೂರ್ತಿಯಾಗುವುದಿಲ್ಲ. ಜಿನ್‌ಜು ಅಂತ ಹೊಳೆ, ತೊಯಾಮ ಅನ್ನುವ ಸೀಮೆ. ಮೇಲೆ ಕಮಿಯೊಕ ಗಣಿ, ಕೆಳಗೆ ಅದೇ ಹೊಳೆಯ ನೀರಿನ ಭತ್ತದ ಗದ್ದೆಗಳು. ಗಣಿಯ ಕ್ಯಾಡ್ಮಿಯಂ ಹೊಳೆಗೆ, ಹೊಳೆಯಿಂದ ಗದ್ದೆಗೆ, ಗದ್ದೆಯಿಂದ ಅನ್ನಕ್ಕೆ ಬಂತು. ಕಿಡ್ನಿ ಕೆಟ್ಟಿತು, ಎಲುಬು ಮೆತ್ತಗಾಗಿ ಮುರಿಯತೊಡಗಿತು. ಅದಕ್ಕೆ ಅಲ್ಲಿಯ ಜನ ಇಟ್ಟ ಹೆಸರು ಇತಾಯಿ-ಇತಾಯಿ. ನೋವು, ನೋವು ಅಂತ. 1968ರಲ್ಲಿ ಸರ್ಕಾರ ಅದನ್ನು ಮಾಲಿನ್ಯದ ರೋಗ ಅಂತ ಒಪ್ಪಿಕೊಂಡಿತು. ಅನ್ನ ಎಲ್ಲರೂ ಉಂಡಿದ್ದರು. ಆದರೆ ಹಾಗೆ ಕೂಗಿದವರಲ್ಲಿ ಬಹುಪಾಲು ಹೆಂಗಸರು, ಹಲವು ಹೆರಿಗೆ ಆಗಿ ವಯಸ್ಸಾದವರು. ಈ ಕಥೆ ಓದಿದಾಗಲೆಲ್ಲ ನನಗೆ ನಮ್ಮವ್ವನ ಮುಖವೇ ಕಣ್ಣ ಮುಂದೆ ಬರುತ್ತದೆ.

ಹಾಗಾದರೆ ಏನು ಉಣ್ಣಬೇಕು? ಹಿಂದೆ ಕೂತ ಆ ಅವ್ವನ ತಟ್ಟೆ ನೋಡಿ. ರೊಟ್ಟಿ, ಪುಂಡಿಪಲ್ಯ. ದಿನದ ಒಂದು ಹೊತ್ತು ಜೋಳದ್ದೋ ಸಜ್ಜೆಯದೋ ಆದರೆ ಅಕ್ಕಿಯ ಆರ್ಸೆನಿಕ್ ಅಲ್ಲಿಗೇ ಮೂರರಲ್ಲಿ ಒಂದು ಪಾಲು ಇಳಿಯಿತು. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 6 ಮಿಲಿಗ್ರಾಂ ಕಬ್ಬಿಣ, ಪಾಲಿಶ್ ಅಕ್ಕಿಯಲ್ಲಿ ಒಂದು ಮಿಲಿಗ್ರಾಂ ಕೂಡ ಇಲ್ಲ. ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೀರಲ್ಲ, ಎಳ್ಳಿನಲ್ಲಿ ಕ್ಯಾಲ್ಸಿಯಂ ಬೇಕಾದಷ್ಟು. ಬೇಳೆಯಲ್ಲಿ, ಸೊಪ್ಪಿನಲ್ಲಿ ಫೋಲಿಕ್ ಆಮ್ಲ. ಮೇಲೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಮಗು ಶಾಲೆಗೆ ಬರೀ ಚಹಾ ಕುಡಿದು ಹೋಗಬಾರದು. ತಣ್ಣನೆ ರೊಟ್ಟಿ, ಶೇಂಗಾ ಚಟ್ನಿ ಆದರೂ ಸರಿ, ಹೊಟ್ಟೆ ಖಾಲಿ ಇರಬಾರದು. ಹೊಲಕ್ಕೆ ಹೋಗುವ ತಾಯಿಗೂ ಇದೇ ಮಾತು. ಪಲ್ಯದಲ್ಲಿ ಅವಳ ಪಾಲು ಮೊದಲೇ ಎತ್ತಿಡಿ. ಇದನ್ನು ಹೇಳಲು ಗಂಡಸರೂ ಸಭೆಗೆ ಬಂದಿದ್ದರೆ ಚೆನ್ನಾಗಿತ್ತು.

ಸೀಸ ಎಲ್ಲಿಂದ ಬರುತ್ತದೆ ಅಂತ ಕೇಳಿದರು. ಒಂದು ದಾರಿ ಅರಿಶಿನ. ಕೊಂಬಿಗೆ ಹೊಳಪು ಬರಲಿ ಅಂತ ಕೆಲವು ಕಡೆ ಲೆಡ್ ಕ್ರೋಮೇಟ್ ಅನ್ನುವ ಹಳದಿ ಬಣ್ಣ ಉಜ್ಜುತ್ತಾರೆ. ಬಣ್ಣ ಹಚ್ಚುವುದು ಕೊಂಬಿಗೇ, ಹಾಗಾಗಿ ಕೊಂಬು ತಂದು ಮನೆಯಲ್ಲಿ ಪುಡಿ ಮಾಡಿದರೂ ಸಾಲದು. ಅತಿ ಹಳದಿ, ಕೈಗೆ ಪುಡಿಪುಡಿ ಬಣ್ಣ ಹತ್ತುವ ಕೊಂಬು ಬಿಟ್ಟು, ಮಣ್ಣು ಬಣ್ಣದ, ಮಂಕಾಗಿ ಕಾಣುವುದನ್ನು ತನ್ನಿ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪೇಟೆಯ ಅರಿಶಿನದ ಮಾದರಿಗಳಲ್ಲಿ ಶೇ. 47ರಲ್ಲಿ ಸೀಸ ಸಿಕ್ಕಿತ್ತು. ಸರ್ಕಾರ ಪೇಟೆಗೆ ಇಳಿದು ದಂಡ ಹಾಕಿತು, ಜನರಿಗೆ ತಿಳಿಸಿ ಹೇಳಿತು. 2021ಕ್ಕೆ ಅದು ಸೊನ್ನೆಗೆ ಇಳಿಯಿತು. ಎರಡೇ ವರ್ಷ.

ಸೀಸ ಬರುವ ಇನ್ನೊಂದು ದಾರಿ ಪಾತ್ರೆ. ಕಲಾಯಿ ಹಾಕುವುದನ್ನು ನೀವೆಲ್ಲ ನೋಡಿದ್ದೀರಿ. ತಿದಿ ಒತ್ತಿ ಪಾತ್ರೆ ಕೆಂಪಗೆ ಕಾಯಿಸಿ, ನವಸಾಗರ ಎರಚಿದ ಕೂಡಲೇ ಬಿಳಿ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ ಅರಳೆಯಲ್ಲಿ ಉಜ್ಜಿದರೆ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಅದು ಶುದ್ಧ ತವರ ಆಗಿರಬೇಕು. ಸೀಸ ಅಗ್ಗ, ಕಡ್ಡಿಯಲ್ಲಿ ಬೆರೆತರೆ ನೋಡಿದವರಿಗೆ ಗೊತ್ತಾಗುವುದಿಲ್ಲ. ಹಾಗೇ ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಬೋಗುಣಿಗಳಲ್ಲೂ ಸೀಸ ಇರಬಹುದು. ಹುಳಿ ಬಿದ್ದರೆ ಲೋಹ ಬೇಗ ಬಿಡುತ್ತದೆ. ಪುಂಡಿಪಲ್ಯ, ಹುಣಸೆ ಸಾರು, ಮಜ್ಜಿಗೆ ಇವನ್ನೆಲ್ಲ ಸ್ಟೀಲ್ ಅಥವಾ ಮಣ್ಣಿನ ಪಾತ್ರೆಯಲ್ಲಿ ಮಾಡಿ ಅಂದೆ. ಅಷ್ಟರಲ್ಲೇ ಒಬ್ಬರು ಮಣ್ಣಿನ ಪಾತ್ರೆಗೆ ಹೊಳಪು ಇದ್ದರೆ ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಹೊಳಪಿನ ಲೇಪದಲ್ಲೂ ಸೀಸ ಇರಬಹುದು, ನಮ್ಮ ಕುಂಬಾರರ ಸಾದಾ ಗಡಿಗೆಯೇ ಒಳ್ಳೆಯದು.

ಬೀಡಿ, ತಂಬಾಕಿನ ಮಾತೂ ಬಂತು. ತಂಬಾಕಿನ ಎಲೆ ಮಣ್ಣಿನ ಕ್ಯಾಡ್ಮಿಯಂ ಹೀರಿಕೊಳ್ಳುವುದರಲ್ಲಿ ಮುಂದೆ. ಸೇದುವವರ ಮೈಯಲ್ಲಿ ಸೇದದವರಿಗಿಂತ ಅದು ಬಹಳ ಜಾಸ್ತಿ ಇರುತ್ತದೆ.

ಕೊನೆಗೆ ಎದ್ದವರು ಅಂಗನವಾಡಿಯ ಟೀಚರ್. ನಮ್ಮೂರ ಬೋರಿನ ನೀರನ್ನು ಪರೀಕ್ಷೆಗೆ ಯಾರಿಗೆ ಕೊಡಬೇಕು ಅಂತ ಕೇಳಿದರು. ಪಂಚಾಯಿತಿಯ ಕಿಟ್‌ನಲ್ಲಿ ಫ್ಲೋರೈಡ್, ಕಬ್ಬಿಣ ಇಂಥವು ಗೊತ್ತಾಗುತ್ತವೆ. ಆರ್ಸೆನಿಕ್ ನೋಡಬೇಕಾದರೆ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ, ಆರ್ಸೆನಿಕ್ ನೋಡಿ ಅಂತ ಅರ್ಜಿಯಲ್ಲಿ ಬೇರೆಯಾಗಿ ಬರೆಯಬೇಕು. ಬರೆಯದಿದ್ದರೆ ನೋಡದೆ ಬಿಡಬಹುದು. ಒಂದೊಂದು ಬೋರಿಗೂ ಒಂದೊಂದು ಬಾಟಲಿ ಬೇಕು, ಪಕ್ಕಪಕ್ಕದ ಎರಡು ಬೋರಿನ ನೀರು ಒಂದೇ ಇರಬೇಕು ಅಂತಿಲ್ಲ.

ಅವರು ಅಲ್ಲೇ ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯಲು ಕೂತರು. ಹನುಮಪ್ಪನ ಗುಡಿ ಮುಂದಿನದು. ಶಾಲೆ ಹಿಂದಿನದು. ಹರಿಜನ ಕೇರಿಯದು. ತಾಂಡಾದ ಕೈಪಂಪು. ಗೋಡೆಗೆ ಒರಗಿದ್ದ ಅವ್ವ ಎದ್ದು ಹತ್ತಿರ ಬಂದು, "ನಮ್ಮ ಹೊಲದಾಗಿನ ಬೋರು ಬರ್ಕೊ ತಂಗಿ, ಕೂಲ್ಯಾರೆಲ್ಲ ಅದನ್ನ ಕುಡಿತಾರ" ಅಂದರು. ಅದನ್ನೂ ಬರೆದುಕೊಂಡರು. ಒಟ್ಟು ಏಳು ಆಯಿತು.